ಹೆಸರಿಲ್ಲದ ಗಂಟು

ಗಂಟು ಎಂಬ ಒಂದು ಮಾತಿಗೆ ಕನ್ನಡದಲ್ಲಿ ಎಷ್ಟೊಂದು ಕೆಲಸ! ಊರಿಗೆ ಹೊರಟವರ ತಲೆಯ ಮೇಲಿರುವುದು ಗಂಟು. ಸಾಹುಕಾರ ಬಡ್ಡಿ ತಿಂದೂ ತಿಂದೂ ಕರಗದೆ ಉಳಿಯುವುದು ಗಂಟು. ಮದುವೆಯಲ್ಲಿ ಬೀಳುವುದು ಮೂರು ಗಂಟು. ಸಿಟ್ಟು ಬಂದರೆ ಮುಖ ಗಂಟು. ಝುಣಕ ಮಾಡುವಾಗ ಕೈಯಾಡಿಸದೆ ಬಿಟ್ಟರೆ ಹಿಟ್ಟೆಲ್ಲ ಗಂಟು. ಗಂಡನಿಗೆ ಗೊತ್ತಾಗದಂತೆ ಹೆಣ್ಣುಮಕ್ಕಳು ಸೆರಗಿನ ತುದಿಯಲ್ಲೋ ಜೋಳದ ಡಬ್ಬಿಯ ತಳದಲ್ಲೋ ಕಟ್ಟಿಡುವ ನಾಲ್ಕು ಕಾಸಿಗೂ ಗಂಟೆಂದೇ ಹೆಸರು. ಇವನ್ನೆಲ್ಲ ನಾಲ್ಕು ಜನರ ಎದುರು ಹೇಳಲು ಯಾರಿಗೂ ನಾಚಿಕೆಯಿಲ್ಲ. ಜಳಕದ ಮನೆಯಲ್ಲಿ, ಸೋಪು ಹಚ್ಚಿದ ಬೆರಳಿಗೆ ಎದೆಯಲ್ಲಿ ಸಿಗುವ ಗಂಟೊಂದೇ ಬಾಯಿಗೆ ಬಾರದ ಗಂಟು.

ಕೊಳಾರದ ಆ ಶಿಕ್ಷಕಿಗೆ ಅದು ಸಿಕ್ಕಿದ್ದು 2022ರ ಶ್ರಾವಣದಲ್ಲಿ. ಕೊಳಾರ ಎಂದರೆ ಬೀದರ ನಗರದ ಮಗ್ಗುಲಿನ ಊರು. ಈಗ ಊರಿಗಿಂತ ಅದರ ಕೈಗಾರಿಕಾ ಪ್ರದೇಶವೇ ಹೆಚ್ಚು ಪ್ರಸಿದ್ಧ. ಔಷಧ ಕಾರ್ಖಾನೆಗಳ ವಾಸನೆ ಗಾಳಿ ಬೀಸಿದ ದಿಕ್ಕಿಗೆ ಹೋಗುತ್ತದೆ. ಬೆಂಗಳೂರಿನ ಕಡೆಯವರಿಗೆ ಕೊಳಾರ ಎಂದರೆ ಚಿನ್ನದ ಗಣಿಯ ಕೋಲಾರ. ಬೀದರ ಜಿಲ್ಲೆ ಎಂದು ಒತ್ತಿ ಹೇಳಿದರೂ 'ಅಲ್ಲೂ ಒಂದು ಇದೆಯಾ?' ಎಂದು ಕೇಳುತ್ತಾರೆ. ಆಕೆಯ ಗಂಡ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಹಿರಿಯ ಮಗಳನ್ನು ಭಾಲ್ಕಿಗೆ ಕೊಟ್ಟಿದೆ. ಕಿರಿಯಳು ಫಾರ್ಮಸಿ ಓದಿ ಇನ್ನೊಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಮಾತ್ರೆಯಲ್ಲಿ ಇರಬೇಕಾದದ್ದು ಇದೆಯೋ, ಇರಬಾರದ್ದು ಇಲ್ಲವೋ ಎಂದು ನೋಡುವ ಕೆಲಸದಲ್ಲಿದ್ದಾಳೆ. ಆಕೆಯ ತವರು ಔರಾದ ತಾಲ್ಲೂಕಿನ ಒಂದು ಹಳ್ಳಿ. ಕನ್ನಡ, ಮರಾಠಿ ಎರಡೂ ಒಂದೇ ಒಲೆಯ ಮೇಲೆ ಬೇಯುವ ಸೀಮೆ ಅದು.

ಗಂಟು ಸಿಕ್ಕ ಮೇಲೆ ಇಪ್ಪತ್ತು ದಿನ ಆಕೆ ಯಾರಿಗೂ ಹೇಳಲಿಲ್ಲ. ಶಾಲೆಗೆ ಹೋದಳು, ಹಾಜರಿ ಹಾಕಿದಳು, ಶ್ರಾವಣ ಸೋಮವಾರ ಉಪವಾಸ ಮಾಡಿದಳು. ಬೆರಳು ಮಾತ್ರ ದಿನಕ್ಕೆ ಹತ್ತು ಸಲ ಅಲ್ಲಿಗೇ ಹೋಗುತ್ತಿತ್ತು. ಕೊನೆಗೆ ಹೇಳಿದ್ದು ಕಿರಿಯ ಮಗಳಿಗೆ. ಅದೂ ರೊಟ್ಟಿ ಬಡಿಯುತ್ತ, ಮುಖ ಕೊಡದೆ, 'ಇಲ್ಲೊಂದು ಗಂಟು ಆಗ್ಯಾದ ನೋಡವ್ವ' ಎಂದು. ಮಗಳು ಒಲೆ ಆರಿಸಿದಳು. ರೊಟ್ಟಿ ಹಂಚಿನ ಮೇಲೆ ಅರೆಬೆಂದದ್ದು ಹಾಗೆಯೇ ಉಳಿಯಿತು.

ಬೀದರದವರಿಗೆ ದೊಡ್ಡ ದವಾಖಾನೆ ಎಂದರೆ ಮೊದಲು ನೆನಪಾಗುವುದು ಹೈದರಾಬಾದು. ರಾಜಧಾನಿ ಬೆಂಗಳೂರು ಏಳುನೂರು ಕಿಲೋಮೀಟರಿನ ಹತ್ತಿರ. ಹೈದರಾಬಾದು ಜಹೀರಾಬಾದಿನ ಮೇಲೆ ಬಸ್ಸಿನಲ್ಲಿ ಮೂರು-ನಾಲ್ಕು ತಾಸು. 1956ರ ನವೆಂಬರ್ 1ರವರೆಗೆ ಬೀದರ ಇದ್ದದ್ದೂ ಹೈದರಾಬಾದ್ ರಾಜ್ಯದಲ್ಲಿಯೇ. ಮೆಹದಿ ನವಾಜ್ ಜಂಗ್ ಅವರ ಹೆಸರಿನ, ರೆಡ್ ಹಿಲ್ಸ್‌ನ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1955ರಲ್ಲಿ. ಅಂದರೆ ಅದು ಹುಟ್ಟಿದಾಗ ಔರಾದ, ಭಾಲ್ಕಿಯವರಿಗೆ ತಮ್ಮದೇ ರಾಜ್ಯದ ಆಸ್ಪತ್ರೆಯಾಗಿತ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಬಂದದ್ದು 1973ರಲ್ಲಿ. ಅದರ ಶಾಖೆ ಈಗ ಕಲಬುರಗಿಯಲ್ಲಿದೆ. ಬೀದರದಲ್ಲಿಯೇ ವೈದ್ಯಕೀಯ ಕಾಲೇಜು 2007ರಿಂದ ನಡೆಯುತ್ತಿದೆ. ಆದರೂ ಮನೆಯಲ್ಲಿ ಹಿರಿಯರು 'ಹೈದರಾಬಾದಿಗೇ ತೋರಿಸ್ರಿ' ಎನ್ನುತ್ತಾರೆ. ನಕ್ಷೆ ಬದಲಾದಷ್ಟು ಬೇಗ ಜನರ ಕಾಲುದಾರಿ ಬದಲಾಗುವುದಿಲ್ಲ.

ಅಲ್ಲಿಯ ಆಸ್ಪತ್ರೆಯಲ್ಲಿ ನಮೂನೆ ತುಂಬುವ ಹುಡುಗ ಊರಿನ ಹೆಸರು ಕೇಳಿ ನಕ್ಕ. 'ಗೋಲ್ಡ್ ಫೀಲ್ಡ್?' ಎಂದ. ಆಕೆ ಅಲ್ಲ ಎಂದು ತಿದ್ದಿದಳು. ಡಾಕ್ಟರಮ್ಮ ತೆಲುಗು ಬೆರೆಸಿದ ದಖ್ಖನಿಯಲ್ಲಿ ಒಂದೊಂದೇ ಕೇಳುತ್ತ ಹೋದರು. ವಯಸ್ಸು ಐವತ್ತು. ಮಕ್ಕಳು ಇಬ್ಬರು. ಮುಟ್ಟು ಇನ್ನೂ ನಿಂತಿಲ್ಲ. 'ಘರ್ ಮೇ ಕಿಸೀಕೋ ಥಾ ಕ್ಯಾ?' ಮನೆಯಲ್ಲಿ ಯಾರಿಗಾದರೂ ಇತ್ತೇ ಎಂಬ ಪ್ರಶ್ನೆ. ಆಕೆ 'ನಹೀ' ಎಂದಳು. ಸುಳ್ಳು ಹೇಳಿದಳು ಎನ್ನುವಂತಿಲ್ಲ. ಆಕೆಗೆ ಹತ್ತು ವರ್ಷವಿದ್ದಾಗ, 1982ರಲ್ಲಿ, ತಾಯಿ ತೀರಿಕೊಂಡಿದ್ದಳು. ಏನಾಗಿ ತೀರಿದಳು ಎಂದು ಯಾರೂ ಹೇಳಿರಲಿಲ್ಲ, ಆಕೆಯೂ ಕೇಳಿರಲಿಲ್ಲ. 'ಬ್ಯಾನಿ ಬಿದ್ದು ಹೋದಳು' ಎಂಬ ಒಂದು ಮಾತು ನಲವತ್ತು ವರ್ಷ ಆ ಮನೆತನಕ್ಕೆ ಸಾಕಾಗಿತ್ತು. ನಮೂನೆಯ ಆ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಬಿತ್ತು.

ಚಿತ್ರ ತೆಗೆದರು, ಆಮೇಲೆ ಮರಗಟ್ಟಿಸುವ ಸೂಜಿ ಕೊಟ್ಟು, ಇನ್ನೊಂದು ದಪ್ಪ ಸೂಜಿಯಿಂದ ಶ್ಯಾವಿಗೆ ಎಳೆಯಂಥ ನಾಲ್ಕೈದು ತುಣುಕು ತೆಗೆದರು. ಅವು ಒಂದು ಸಣ್ಣ ಬಾಟಲಿಯ ಫಾರ್ಮಲಿನ್‌ನಲ್ಲಿ ಮುಳುಗಿ ಲ್ಯಾಬಿಗೆ ಹೋದವು. ಆ ವಾಸನೆ ಮಗಳಿಗೆ ಗೊತ್ತಿದ್ದದ್ದೇ.

ಆ ತುಣುಕುಗಳಿಗೆ ಮುಂದೆ ಏನಾಗುತ್ತದೆ ಎಂಬುದನ್ನು ಬೀದರದವರಿಗೆ ಹೇಳುವುದು ಸುಲಭ. ಬಿದ್ರಿ ಕೆಲಸ ನೋಡಿದವರೇ ಎಲ್ಲ. ಬಿದ್ರಿಯವರು ಹೆಚ್ಚು ಸತು, ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ. ಎರಕ ಬೂದಿ ಬಣ್ಣ. ಅದರ ಮೇಲೆ ಕೆತ್ತಿದ ಗೆರೆ ಕಾಣುವುದಿಲ್ಲವೆಂದು ಮೊದಲು ಮೈಲುತುತ್ತು ಹಚ್ಚಿ ಕಪ್ಪು ಮಾಡಿಕೊಳ್ಳುತ್ತಾರೆ. ಬಳ್ಳಿ ಹೂವು ಕೆತ್ತಿ ಬೆಳ್ಳಿ ಕೂಡಿಸಿ ಉಜ್ಜಿದರೆ ಮತ್ತೆ ಎಲ್ಲ ಒಂದೇ ಬಿಳುಪು. ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂದು ಕಣ್ಣಿಗೆ ತಿಳಿಯದು. ಕಡೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದಾಗ ಎರಕ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಹೊಳೆಯುತ್ತದೆ. ಪೆಥಾಲಜಿಯೂ ಇಂಥದೇ ಕೈಗೆಲಸ. ದೇಹದ ತುಣುಕಿನ ನೀರನ್ನು ಮದ್ಯಸಾರದಿಂದ ತೆಗೆದು, ಬಿಸಿ ಮೇಣದಲ್ಲಿ ಅದ್ದಿ, ಅಚ್ಚು ಮಾಡಿ, ಒಂದು ಮಿಲಿಮೀಟರಿಗೆ ಇನ್ನೂರು ಮುನ್ನೂರು ಪದರ ಬರುವಷ್ಟು ತೆಳ್ಳಗೆ ಹೆಚ್ಚುತ್ತಾರೆ. ಗಾಜಿನ ಮೇಲೆ ಆ ಪದರ ಈರುಳ್ಳಿ ಪೊರೆಯಂತೆ ಪಾರದರ್ಶಕ. ಎರಡು ಬಣ್ಣ ಹಾಕಿದಾಗಲೇ ಅದಕ್ಕೆ ಮುಖ ಬರುವುದು. ಹೆಮಟಾಕ್ಸಿಲಿನ್ ಎಂಬುದು ಜೀವಕೋಶದ ನಡುವಿನ ಬೀಜವನ್ನು ನೇರಳೆ ನೀಲಿ ಮಾಡುತ್ತದೆ. ಇಯೋಸಿನ್ ಉಳಿದುದನ್ನು ಗುಲಾಬಿ ಮಾಡುತ್ತದೆ. ಆ ಹೆಮಟಾಕ್ಸಿಲಿನ್ ಬರುವುದು ಮೆಕ್ಸಿಕೊ ಕಡೆಯ ಒಂದು ಮರದ ಕೆಚ್ಚಿನಿಂದ. ಜಗತ್ತಿನ ಯಾವ ಮೂಲೆಯ ಹೆಂಗಸಿನ ಎದೆಯ ತುಣುಕಾದರೂ ಆ ಮರದ ಬಣ್ಣದಲ್ಲಿಯೇ ತನ್ನ ಕಥೆ ಹೇಳಬೇಕು.

ವರದಿ ಬಂದಾಗ ಮನೆಯಲ್ಲಿ ಪೇಡೆ ಹಂಚಿದರು. ಗಂಡ ಮೊದಲ ಸಾಲು ಮಾತ್ರ ಓದಿಸಿಕೊಂಡಿದ್ದರು. ಕೈಗೆ ಸಿಕ್ಕ ಗಂಟು ನಿರಪಾಯದ್ದು. ನಾರು, ನೀರುಗುಳ್ಳೆ ಕೂಡಿಕೊಂಡದ್ದು. ಹೆಂಗಸರಲ್ಲಿ ಬಹಳ ಸಾಮಾನ್ಯ. ಕ್ಯಾನ್ಸರ್ ಇಲ್ಲ.

'ಅಲ್ಲ ಅಂದಾರ. ಮತ್ಯಾಕ ಮುಖ ಸಣ್ಣ ಮಾಡ್ಕೊಂಡು ಕುಂತಿ?' ಎಂದರು.

'ಅಲ್ಲ ಅಂದಾರ ಖರೆ. ಅದರ ಕೆಳಗ ಇನ್ನೊಂದು ಸಾಲು ಅದ ಕೇಳ್ರಿ' ಎಂದಳು ಆಕೆ.

ಆ ಎರಡನೆಯ ಸಾಲು ಗಂಟಿನ ಬಗ್ಗೆ ಅಲ್ಲವೇ ಅಲ್ಲ. ಗಂಟಿನ ಪಕ್ಕದಲ್ಲಿ, ಬೆರಳಿಗೆ ಎಂದೂ ಸಿಗದಷ್ಟು ಸಣ್ಣದೊಂದು ಜಾಗದಲ್ಲಿ, 'ಅಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ' ಎಂದು ಬರೆದಿತ್ತು. ಹೈಪರ್‌ಪ್ಲೇಸಿಯಾ ಎಂದರೆ ಜೀವಕೋಶಗಳು ಲೆಕ್ಕಕ್ಕಿಂತ ಹೆಚ್ಚಾಗುವುದು. ಹಾಲಿನ ನಾಳದ ಒಳಗೋಡೆಗೆ ಸಾಮಾನ್ಯವಾಗಿ ಎರಡೇ ಸಾಲು ಕೋಶಗಳು. ಅವು ಮೂರಾಗಿ ನಾಲ್ಕಾಗಿ ನಾಳವನ್ನೇ ತುಂಬುತ್ತ ಬರುವುದುಂಟು. ಅಷ್ಟಕ್ಕೇ ಹೆದರಬೇಕಾಗಿಲ್ಲ. ಆ ಗದ್ದಲ ಯಾವ ಬಗೆಯದು ಎಂಬುದೇ ಮುಖ್ಯ.

ಇದರಲ್ಲೊಂದು ವಿಚಿತ್ರವಿದೆ. ಸಂತೆಯ ದಿನ ಜನ ಹೇಗಿರುತ್ತಾರೆ? ಉದ್ದನೆಯವರು, ಕುಳ್ಳರು, ಮಕ್ಕಳು, ಮುದುಕರು, ಒಬ್ಬರನ್ನೊಬ್ಬರು ತಳ್ಳಿಕೊಂಡು, ಸಂದುಗೊಂದಿನಲ್ಲಿ ನುಸುಳಿಕೊಂಡು. ನಾಳದೊಳಗಿನ ಕೋಶಗಳು ಹೀಗೆ ಸಂತೆ ನೆರೆದಿದ್ದರೆ ಪೆಥಾಲಜಿಸ್ಟ್ ನಿಶ್ಚಿಂತೆಯಿಂದ ಮುಂದಿನ ಗಾಜಿಗೆ ಹೋಗುತ್ತಾರೆ. ಅವರ ಹುಬ್ಬು ಗಂಟಿಕ್ಕುವುದು ಎಲ್ಲ ಕೋಶಗಳೂ ಒಂದೇ ಅಚ್ಚಿನಲ್ಲಿ ಹೊಯ್ದಂತೆ, ಒಂದೇ ಅಂತರದಲ್ಲಿ, ಕವಾಯತಿಗೆ ನಿಂತ ಸಿಪಾಯಿಗಳಂತೆ ಕಂಡಾಗ; ನಡುವಿನ ತೂತುಗಳು ಜರಡಿಯ ಕಣ್ಣಿನಂತೆ ದುಂಡಗೆ ಇದ್ದಾಗ. ಬೇರೆ ಕಡೆ ಶಿಸ್ತು ಒಳ್ಳೆಯದು, ಇಲ್ಲಿ ಅನುಮಾನಕ್ಕೆ ಕಾರಣ. ಅಂಥ ಸಾಲು ಎರಡು ನಾಳಗಳನ್ನು ಪೂರ್ತಿ ತುಂಬಿದರೆ, ಅಥವಾ ಎರಡು ಮಿಲಿಮೀಟರಿಗಿಂತ ಹೆಚ್ಚು ಹಬ್ಬಿದರೆ, ಅದನ್ನು ನಾಳದೊಳಗೇ ಕುಳಿತ ಕ್ಯಾನ್ಸರ್ ಎಂದು ಕರೆಯುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ 'ಅಟಿಪಿಕಲ್' ಮಾತ್ರ. ಎರಡು ಮಿಲಿಮೀಟರ್ ಎಂದರೆ ಒಂದು ಸಾಸಿವೆ ಕಾಳು. ಕಾಳಿನ ಈಚೆಗೆ ಒಂದು ಹೆಸರು, ಆಚೆಗೆ ಇನ್ನೊಂದು.

ಗೆರೆ ಇಷ್ಟು ಸಣ್ಣದಾದರೆ ಅದನ್ನು ಎಳೆಯುವವರ ನಡುವೆ ಜಗಳ ಇಲ್ಲದೆ ಇದ್ದೀತೇ? 1991ರಲ್ಲಿ ಜುವಾನ್ ರೊಸಾಯ್ ಎಂಬ ಪ್ರಸಿದ್ಧ ಪೆಥಾಲಜಿಸ್ಟ್ ಇಂಥ 17 ಗಾಜುಗಳನ್ನು ಈ ವಿಷಯದಲ್ಲಿ ಹೆಸರಾದ ಐವರಿಗೆ ತೋರಿಸಿದರು. ಐವರೂ ಒಂದೇ ಮಾತು ಹೇಳಿದ ಗಾಜು ಒಂದೂ ಇರಲಿಲ್ಲ. ಮರುವರ್ಷ ಇನ್ನೊಂದು ತಂಡ ಮೊದಲೇ ಕೂತು ನಿಯಮ ಒಪ್ಪಿಕೊಂಡು ನೋಡಿದಾಗ ಒಮ್ಮತ ಅರ್ಧಕ್ಕಿಂತ ಹೆಚ್ಚಾಯಿತು. 2015ರಲ್ಲಿ ಅಮೆರಿಕದ 115 ಪೆಥಾಲಜಿಸ್ಟರ ಮೇಲೆ ನಡೆದ ಅಧ್ಯಯನದಲ್ಲಿ ಹಬ್ಬಿದ ಕ್ಯಾನ್ಸರನ್ನು ಗುರುತಿಸುವಲ್ಲಿ ಶೇ 96ರಷ್ಟು ಅವರು ತಜ್ಞರ ತೀರ್ಪಿಗೆ ಹೊಂದಿಕೊಂಡರು; ಅಟಿಪಿಕಲ್ ವಿಷಯದಲ್ಲಿ ಶೇ 48 ಮಾತ್ರ. ಇದನ್ನು ಓದಿ ಡಾಕ್ಟರರಿಗೆ ಏನೂ ಗೊತ್ತಿಲ್ಲ ಎಂದು ನಗುವುದು ಸುಲಭ. ತಾವೇ ಕೂತು ತಮ್ಮ ತಪ್ಪನ್ನು ಎಣಿಸಿ ಅಚ್ಚು ಹಾಕಿಸಿದವರು ಅವರೇ ಎಂಬುದನ್ನೂ ಮರೆಯಬಾರದು. ರೋಗಿಗಳಿಗೆ ಇದರಿಂದ ಸಿಗುವ ತಿಳಿವಳಿಕೆ ಒಂದೇ: ಇಂಥ ವರದಿ ಬಂದರೆ ಗಾಜುಗಳನ್ನೂ ಮೇಣದ ಅಚ್ಚುಗಳನ್ನೂ ಕೇಳಿ ತೆಗೆದುಕೊಂಡು ಇನ್ನೊಬ್ಬರಿಗೆ ತೋರಿಸಬಹುದು. ಅಚ್ಚು ಕೆಡುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ಇಡಬಾರದು, ಅಷ್ಟೇ.

ಮಗಳು ಕಾರ್ಖಾನೆಯ ಲ್ಯಾಬಿನವಳು. ಅಂಕಿಯಿಲ್ಲದೆ ಅವಳಿಗೆ ಸಮಾಧಾನವಿಲ್ಲ. ಎರಡು ರಾತ್ರಿ ಕೂತು ಹುಡುಕಿದಳು. 1985ರಲ್ಲಿ ಅಮೆರಿಕದ ನ್ಯಾಶ್‌ವಿಲ್ ಪಟ್ಟಣದ ವಿಲಿಯಂ ಡ್ಯುಪಾಂಟ್ ಮತ್ತು ಡೇವಿಡ್ ಪೇಜ್ ಒಂದು ದೊಡ್ಡ ಲೆಕ್ಕ ಪ್ರಕಟಿಸಿದ್ದರು. ನಿರಪಾಯ ಎಂದು ಮನೆಗೆ ಕಳಿಸಿದ್ದ 10,366 ಬಯಾಪ್ಸಿಗಳ ಹಳೆಯ ಗಾಜುಗಳನ್ನು ಮತ್ತೆ ನೋಡಿ, 3,303 ಹೆಂಗಸರಿಗೆ ಮುಂದೆ ಏನಾಯಿತೆಂದು ಸುಮಾರು 17 ವರ್ಷಗಳವರೆಗಿನದನ್ನು ಬೆನ್ನು ಹತ್ತಿ ತಿಳಿದರು. ಅಲ್ಲಿಯವರೆಗೆ ಎದೆಯಲ್ಲಿ ಏನೇ ಗಂಟಾದರೂ 'ಮುಂದೆ ಕ್ಯಾನ್ಸರ್ ಆಗಬಹುದು' ಎಂದು ಎಲ್ಲರನ್ನೂ ಒಂದೇ ದೊಡ್ಡಿಗೆ ತುಂಬಿ ಹೆದರಿಸುತ್ತಿದ್ದರು. ಇವರು ದೊಡ್ಡಿಯನ್ನು ಬೇರೆ ಬೇರೆ ಮಾಡಿದರು. ನೂರರಲ್ಲಿ ಎಪ್ಪತ್ತು ಹೆಂಗಸರಿಗೆ ಹೆಚ್ಚಿನ ಅಪಾಯವೇ ಇಲ್ಲ. ಸಂತೆಯಂತೆ ಕೋಶ ಹೆಚ್ಚಿದವರಿಗೆ ಆ ಎಪ್ಪತ್ತರವರಿಗಿಂತ ಸುಮಾರು ಎರಡು ಪಟ್ಟು. ಸಿಪಾಯಿ ಸಾಲಿನವರಿಗೆ ಐದು ಪಟ್ಟಿಗೂ ಮಿಕ್ಕು. ಸಿಪಾಯಿ ಸಾಲಿನ ಜೊತೆಗೆ ತಾಯಿ, ಅಕ್ಕತಂಗಿ ಅಥವಾ ಮಗಳಿಗೂ ಸ್ತನ ಕ್ಯಾನ್ಸರ್ ಆಗಿದ್ದರೆ ಹನ್ನೊಂದು ಪಟ್ಟು.

ಕಡೆಯ ಸಾಲು ಓದಿ ಮಗಳು ಫೋನು ಕೆಳಗಿಟ್ಟಳು. 'ಅವ್ವಾ, ಅಜ್ಜಿಗಿ ಏನಾಗಿತ್ತು?' ಎಂದಳು.

ಉತ್ತರ ಕೊಡುವವರು ಒಬ್ಬರೇ ಉಳಿದಿದ್ದರು. ಔರಾದ ಕಡೆಯ ಹಳ್ಳಿಯಲ್ಲಿ, ಎಂಬತ್ತು ದಾಟಿದ ದೊಡ್ಡವ್ವ, ತಾಯಿಯ ಅಕ್ಕ. ಮುಂದಿನ ಭಾನುವಾರ ತಾಯಿ ಮಗಳು ಇಬ್ಬರೂ ಬಸ್ ಹತ್ತಿದರು. ದಾರಿಯುದ್ದಕ್ಕೂ ಸೋಯಾ, ಉದ್ದು, ತೊಗರಿ. ದೊಡ್ಡವ್ವ ಅಂಗಳದಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಚಹಾ ಆಯಿತು, ಊಟ ಆಯಿತು, ಭಾಲ್ಕಿಯ ಮೊಮ್ಮಗಳ ಸುದ್ದಿ ಆಯಿತು. ಕೇಳಬೇಕಾದದ್ದು ಮಾತ್ರ ಗಂಟಲಲ್ಲಿಯೇ ನಿಂತಿತ್ತು. ಕಡೆಗೆ ಮಗಳೇ ಕೇಳಿದಳು.

ದೊಡ್ಡವ್ವ ಮೊರ ಕೆಳಗಿಡಲಿಲ್ಲ. 'ಈಗ್ಯಾಕ ಬೇಕಾಗ್ಯಾದ ಅದೆಲ್ಲ?' ಎಂದಳು. ಸ್ವಲ್ಪ ಹೊತ್ತು ಕಾಳು ಕೇರಿದಳು. ಆಮೇಲೆ ತಾನೇ ಹೇಳತೊಡಗಿದಳು.

'ಎದಿಗಿ ಗಂಟಾಗಿತ್ತವ್ವ ಅಕೀಗಿ. ಮೊದಲ ತೊಗರಿಕಾಳಿನಷ್ಟು ಇತ್ತಂತ. ವರ್ಷಗಟ್ಲೆ ಯಾರ ಮುಂದೂ ಅನ್ನಲಿಲ್ಲ. ದೀಪಾವಳಿಗಿ ಎಣ್ಣಿ ಹಚ್ಚಾಕ ಹೋದಾಗ ನಾ ಕಂಡೆ. ಆಗ ಲಿಂಬಿಕಾಯಿ ಆಗಿತ್ತು. ಸೆರಗು ಎಳಕೊಂಡು, ಅಕ್ಕಾ ಯಾರಿಗೂ ಹೇಳಬ್ಯಾಡ ಅಂದಳು. ನಾನೂ ಹೇಳಲಿಲ್ಲ.'

ಲೇಪ ಹಚ್ಚಿದರು. ಹುಣ್ಣಾಯಿತು. ಗಡಿಯಾಚೆ ಉದಗೀರಿನ ಡಾಕ್ಟರ್ ನೋಡಿ, ಹೈದರಾಬಾದಿಗೆ ಒಯ್ಯಿರಿ, ಅಲ್ಲಿ ಇದಕ್ಕೇ ಬೇರೆ ದವಾಖಾನೆ ಇದೆ ಎಂದರು. ಅದು ಮಿರ್ಗದ ಹೊತ್ತು. ಮಳೆ ಬಿದ್ದಿತ್ತು, ಬಿತ್ತಿಗೆ ಹದ ಬಂದಿತ್ತು. ಎತ್ತು, ಆಳು, ಬೀಜ. ಬಿತ್ತಿಗೆ ಮುಗಿಯಲಿ ಎಂದರು. 'ಅಕಿ ಹತ್ರ ಮುನ್ನೂರು ರೂಪಾಯಿ ಗಂಟು ಇತ್ತು. ಬೀಜಕ್ಕ ಕಡಿಮಿ ಬಿತ್ತಂತ ತಾನೇ ಬಿಚ್ಚಿ ಕೊಟ್ಟಳು' ಎಂದಳು ದೊಡ್ಡವ್ವ. ಎಳ್ಳಮಾಸಿಗೆ ಮೊದಲೇ ಎಲ್ಲ ಮುಗಿದಿತ್ತು. ಮೂವತ್ತೆಂಟು ವಯಸ್ಸು.

'ಹೆಣ್ಣುಮಗಳು ಅದಾಳ, ನಾಳಿ ಕೊಡೋದು ಆಗ್ಬೇಕು ಅಂತ ಬ್ಯಾನಿ ಹೆಸರು ಹೇಳಲಿಲ್ಲವ್ವ' ಎಂದು ಕೊನೆಗೆ ಸೇರಿಸಿದಳು. ಹೇಳದೆ ಇದ್ದದ್ದು ಯಾರಿಗಾಗಿ ಎಂಬುದು ಆಕೆಗೆ ಆಗ ತಿಳಿಯಿತು. ಸಿಟ್ಟು ಮಾಡಬೇಕೆಂದರೂ ಯಾರ ಮೇಲೆ ಮಾಡುವುದು? ವರ ನೋಡಲು ಬಂದವರು ಕೇಳಬಾರದೆಂದು ಮುಚ್ಚಿಟ್ಟ ಹೆಸರನ್ನು ಈಗ ಡಾಕ್ಟರು ಕೇಳುತ್ತಿದ್ದರು. ತಾಯಿಯ ಒಂದು ಫೋಟೊ ಕೂಡ ಆ ಮನೆಯಲ್ಲಿ ಇರಲಿಲ್ಲ. ಇದ್ದದ್ದು ದೊಡ್ಡವ್ವನ ಬಾಯಲ್ಲಿದ್ದ ಈ ನಾಲ್ಕು ಮಾತು.

ಹೈದರಾಬಾದಿನ ಎರಡನೆಯ ಭೇಟಿಯಲ್ಲಿ ಡಾಕ್ಟರಮ್ಮ ಆ ಅಡ್ಡಗೆರೆಯನ್ನು ಹೊಡೆದು ಹಾಕಿ ಬರೆದುಕೊಂಡರು: ತಾಯಿ, ಸ್ತನ, 38. ಆಮೇಲೆ ಮಗಳ ಹನ್ನೊಂದು ಪಟ್ಟಿನ ಭಯವನ್ನು ಕೇಳಿ, ಅದಕ್ಕೊಂದು ತಿದ್ದುಪಡಿ ಹೇಳಿದರು. 1985ರ ನಂತರ ಬೇರೆ ಲೆಕ್ಕಗಳೂ ಬಂದಿವೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2005ರಲ್ಲಿ 9,087 ಹೆಂಗಸರ ಲೆಕ್ಕ ಕೊಟ್ಟರು. ಅದರಲ್ಲಿ ಅಟಿಪಿಕಲ್ ಇದ್ದವರ ಅಪಾಯ ಸಾಮಾನ್ಯ ಹೆಂಗಸರಿಗಿಂತ ನಾಲ್ಕು ಪಟ್ಟು. ಮನೆತನದ ರೋಗ ಸೇರಿದರೂ ಅದು ಹೇಳಿಕೊಳ್ಳುವಷ್ಟು ಏರಲಿಲ್ಲ. ಮುಂದೆ ಅವರೇ ಹೇಳಿದಂತೆ, ಅಟಿಪಿಕಲ್ ಇದ್ದ ನೂರು ಹೆಂಗಸರಲ್ಲಿ 25 ವರ್ಷಗಳಲ್ಲಿ ಸುಮಾರು ಮೂವತ್ತು ಮಂದಿಗೆ ಕ್ಯಾನ್ಸರ್ ಬರುತ್ತದೆ. ಎಪ್ಪತ್ತು ಮಂದಿಗೆ ಬರುವುದಿಲ್ಲ. ಇವು ಆ ದೇಶದ ಹೆಂಗಸರ ಅಂಕಿ; ಔರಾದದ ಹೆಣ್ಣುಮಗಳಿಗೆ ಹಾಗೆಯೇ ಹೊಂದುತ್ತವೆ ಎಂದು ಹೇಳುವ ಧೈರ್ಯ ಡಾಕ್ಟರಮ್ಮನೂ ಮಾಡಲಿಲ್ಲ.

ಹಾಗಾದರೆ ಔರಾದಕ್ಕೆ ಹೋಗಿ ಬಂದದ್ದು ದಂಡವೇ? ಅಲ್ಲ. ಮೂವತ್ತೆಂಟಕ್ಕೇ ತಾಯಿ ಹೋಗಿದ್ದಾಳೆಂದರೆ ರಕ್ತದಲ್ಲಿ ಇಳಿದು ಬರುವ ದೋಷವೇನಾದರೂ ಇದೆಯೇ ಎಂದು ಯೋಚಿಸಬೇಕಾಗುತ್ತದೆ. ಅದಕ್ಕೆ ಪರೀಕ್ಷೆ ಉಂಟು. ಅದು ಆಕೆಯೊಬ್ಬಳ ಪ್ರಶ್ನೆಯಲ್ಲ, ಭಾಲ್ಕಿಯಲ್ಲಿ ಎರಡು ವರ್ಷದ ಕೂಸನ್ನು ಎತ್ತಿಕೊಂಡಿರುವವಳದೂ ಹೌದು. ಭಾಲ್ಕಿಯ ಮಗಳಿಗೆ ಈ ಸುದ್ದಿ ಹೇಳುವಾಗ ಆಕೆ ಅಳಿಯನನ್ನೂ ಕೂರಿಸಿಕೊಂಡೇ ಹೇಳಿದಳು. 'ತಿಳಿದಿರಲಿ' ಎಂದಳು, ಅಷ್ಟೇ. ಅಳಿಯ ಏನೂ ಅನ್ನಲಿಲ್ಲ. ಮರುದಿನ ಫೋನು ಮಾಡಿ ಪರೀಕ್ಷೆಗೆ ಎಷ್ಟಾಗುತ್ತದೆ ಎಂದು ಕೇಳಿದ.

ದಸರೆಯ ರಜೆಯಲ್ಲಿ ಆ ಜಾಗವನ್ನು ಕತ್ತರಿಸಿ ತೆಗೆದರು. ಸೂಜಿಯ ತುಣುಕಿನಲ್ಲಿ ಅಟಿಪಿಕಲ್ ಕಂಡರೆ ಹೀಗೆ ತೆಗೆಯುವ ರೂಢಿ ಇದೆ, ಏಕೆಂದರೆ ಸೂಜಿ ಹೋಗದ ಪಕ್ಕದಲ್ಲಿಯೇ ಕ್ಯಾನ್ಸರ್ ಕೂತಿರುವುದು ಕೆಲವರಲ್ಲಿ ಕಂಡುಬರುತ್ತದೆ. ಎರಡು ವಾರ ಕಾಯಬೇಕಾಯಿತು. ಆ ಎರಡು ವಾರ ಗಂಡ ರಾತ್ರಿ ಪಾಳಿ ಬಿಟ್ಟು ಹಗಲು ಪಾಳಿ ಬೇಡಿಕೊಂಡರು. ನಿದ್ದೆ ಬಾರದಿದ್ದಾಗ ಎದ್ದು ಕೂತ ಹೆಂಡತಿಗೆ ನೀರು ಕೊಡುವುದಷ್ಟೇ ಅವರಿಗೆ ಗೊತ್ತಿದ್ದ ಉಪಚಾರ. ಪೇಡೆಯ ಮಾತು ಯಾರೂ ತೆಗೆಯಲಿಲ್ಲ. ಫಲಿತಾಂಶದಲ್ಲಿ ಹೆಚ್ಚಿನದೇನೂ ಇರಲಿಲ್ಲ. ಅದೇ ಅಟಿಪಿಕಲ್, ಎರಡು ಕಡೆ, ಎರಡೂ ಸಾಸಿವೆ ಕಾಳಿನ ಈಚೆ. ಮಗಳು ಗಾಜು, ಅಚ್ಚು ತಂದು ಇನ್ನೊಬ್ಬ ಹಿರಿಯ ಪೆಥಾಲಜಿಸ್ಟರಿಗೂ ತೋರಿಸಿದಳು. ಅವರೂ ಅದನ್ನೇ ಹೇಳಿದರು. ಗಾಜಿನ ಚೀಟಿಯ ಮೇಲೆ ಊರು ಕೋಲಾರ ಎಂದೇ ಬರೆದಿತ್ತು. ಅದನ್ನು ತಿದ್ದಿಸುವ ಉಸಾಬರಿಗೆ ಅವಳು ಹೋಗಲಿಲ್ಲ.

'ತೆಗೆದ ಮೇಲೆ ಮುಗೀತಲ್ಲ?' ಎಂದು ಗಂಡ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಮುಗಿಯುವುದಿಲ್ಲ. ಈ ಅಟಿಪಿಕಲ್ ಎಂಬುದು ನಾಳೆ ಮರವಾಗುವ ಬೀಜ ಮಾತ್ರವಲ್ಲ. ಹೊಲದ ಮಣ್ಣು ಎಂಥದು ಎಂದು ಹೇಳುವ ಗುರುತೂ ಹೌದು. ಮುಂದೆ ರೋಗ ಬಂದರೆ ಅದೇ ಜಾಗದಲ್ಲಿ ಬರಬೇಕೆಂದಿಲ್ಲ. ಎರಡು ಸ್ತನಗಳಲ್ಲಿ ಯಾವುದರಲ್ಲಾದರೂ ಬರಬಹುದು. ಆದ್ದರಿಂದ ವರ್ಷಕ್ಕೊಮ್ಮೆ ಎರಡರದೂ ಮ್ಯಾಮೊಗ್ರಾಂ, ಡಾಕ್ಟರರ ಕೈಯಿಂದ ಪರೀಕ್ಷೆ. ಇದರ ಜೊತೆಗೆ ಒಂದು ಮಾತ್ರೆಯೂ ಉಂಟು, ಟಮೊಕ್ಸಿಫೆನ್. 1998ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಅಪಾಯ ಹೆಚ್ಚಿದ್ದ 13,388 ಹೆಂಗಸರಲ್ಲಿ ಅರ್ಧ ಜನರಿಗೆ ಇದನ್ನು ಕೊಟ್ಟಾಗ ಹಬ್ಬುವ ಕ್ಯಾನ್ಸರ್ ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು. ಅಟಿಪಿಕಲ್ ಇದ್ದವರಲ್ಲಿ ಇನ್ನೂ ಹೆಚ್ಚು ಇಳಿಯಿತು. ಪುಕ್ಕಟೆ ಏನೂ ಬರುವುದಿಲ್ಲ. ಮೈ ಕಾವೇರುತ್ತದೆ, ಬೆವರು ಕಿತ್ತು ಬರುತ್ತದೆ. ಕೆಲವರಿಗೆ ರಕ್ತ ಹೆಪ್ಪುಗಟ್ಟುತ್ತದೆ. ವಯಸ್ಸಾದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚುತ್ತದೆ. ಇಟಲಿಯವರು 2019ರಲ್ಲಿ ದಿನಕ್ಕೆ 20 ಮಿಲಿಗ್ರಾಂ ಬದಲು ಐದೇ ಮಿಲಿಗ್ರಾಂ, ಐದು ವರ್ಷದ ಬದಲು ಮೂರೇ ವರ್ಷ ಕೊಟ್ಟು ನೋಡಿ, ಅದೂ ಕೆಲಸ ಮಾಡುತ್ತದೆ, ತೊಂದರೆಯೂ ಕಡಿಮೆ ಎಂದು ತೋರಿಸಿದರು.

ರೋಗವಿಲ್ಲದೆ ಮಾತ್ರೆ ನುಂಗುವುದು ಆಕೆಗೆ ಒಪ್ಪಿಗೆಯಾಗಲು ಎರಡು ತಿಂಗಳು ಬೇಕಾಯಿತು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಬೇಡವೆಂದರೂ ತಪ್ಪಲ್ಲ, ಪರೀಕ್ಷೆಗೆ ಮಾತ್ರ ಬರುತ್ತಿರಿ ಎಂದರು. ಶಾಲೆಯಲ್ಲಿ ಜೊತೆಯ ಶಿಕ್ಷಕಿಯೊಬ್ಬಳು, 'ಬರೋದು ಬರ್ತದ ಬಾಯಿ, ಬರೋ ಮೊದಲ ಯಾಕ ಔಷಧ?' ಎಂದಳು. ಈ ಮಾತು ತಪ್ಪೆಂದು ತಳ್ಳಿಹಾಕುವಷ್ಟು ಹಗುರವಾದದ್ದಲ್ಲ. ನೂರರಲ್ಲಿ ಎಪ್ಪತ್ತು ಮಂದಿ ಬಾರದ ರೋಗಕ್ಕೆ ಬೆವರುತ್ತಾರೆ ಎಂಬುದೂ ನಿಜ. ಆ ಎಪ್ಪತ್ತರಲ್ಲಿ ತಾನು ಇದ್ದೇನೋ ಇಲ್ಲವೋ ಎಂದು ಹೇಳುವ ಬಣ್ಣವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಕಡೆಗೆ ಆಕೆ ಹೂಂ ಎಂದಳು. ಐದು ಮಿಲಿಗ್ರಾಮಿನ ಮಾತ್ರೆ ಅಂಗಡಿಯಲ್ಲಿ ಸಿಗಲಿಲ್ಲ; ಹತ್ತರದ್ದನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳಿ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಮಗಳು ಪಟ್ಟಿಯ ಹಿಂದಿನ ಅಕ್ಷರ, ತಯಾರಾದ ತಿಂಗಳು, ಮುಗಿಯುವ ತಿಂಗಳು ಎಲ್ಲ ಓದಿಯೇ ಮೊದಲ ಮಾತ್ರೆ ಕೈಗೆ ಕೊಟ್ಟಳು. ಯಾವ ದಿನ ಇದೆ, ಯಾವ ದಿನ ಇಲ್ಲ ಎಂದು ಮರೆಯಬಾರದೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ದಿನ ಬಿಟ್ಟು ಒಂದು ದಿನಕ್ಕೆ ಕೆಂಪು ಸುತ್ತು ಹಾಕಿದಳು. ತಿಂಗಳ ಕೊನೆಗೆ ಹಾಲಿನವ ಲೆಕ್ಕಕ್ಕೆ ಬಂದಾಗ ಗಂಡ ಆ ಸುತ್ತುಗಳನ್ನೇ ಎಣಿಸಿ, ಹದಿನೈದೇ ದಿನ ಹಾಲು ಬಂದಿದೆ ಎಂದು ಅವನೊಡನೆ ವಾದಕ್ಕೆ ನಿಂತರು. ಆಕೆ ಒಳಗಿನಿಂದಲೇ ಕೂಗಿ ಹೇಳಿದಳು: 'ಅದು ಹಾಲಿಂದಲ್ರೀ, ನನ್ನ ಗುಳಗಿ. ಪೂರಾ ರೊಕ್ಕ ಕೊಡ್ರಿ ಅವ್ನಿಗಿ.'